ಜಾಲರಿಯ ಮೇಲೊಂದು ಹಿತ್ತಾಳೆ ತಗಡು

ಹಳೆ ಗೋಣಿಚೀಲ ಕೊಳ್ಳುವವರಿಗೆ ಒಂದು ಮಾತು, ಪುಕ್ಕಟೆ: ಒಳಮೈ ಹೊಳ್ಳಿಸಿ ನೋಡದೆ ರೊಕ್ಕ ಕೊಡಬೇಡಿ. ಹೊರಗಿನಿಂದ ಎಲ್ಲ ಚೀಲವೂ ಒಂದೇ. ತೇಪೆ ಇರುವುದು ಒಳಮೈಗೆ, ಇಲಿ ಕಡಿದ ತೂತು ಅಡಗಿರುವುದು ಹೊಲಿಗೆಯ ಮಡಿಕೆಯಲ್ಲಿ. ಮಳೆನೀರು ಕುಡಿದು ಒಣಗಿದ ಚೀಲ ಕಣ್ಣಿಗೆ ಸಿಗುವುದಿಲ್ಲ, ಮೂಗಿಗೆ ಸಿಗುತ್ತದೆ. ಸಿಂಧನೂರಿನ ಅಕ್ಕಿ ಗಿರಣಿಗಳ ಹಿಂದಿನ ಗೋಡೆಗೆ ಕೂತು, ಮಂದಿ ಬಿಸಾಕಿದ ಚೀಲ ಆರಿಸಿ, ಹೊಲಿದು ಮಾರುತ್ತಿದ್ದವನು ನಾನು. ಇವತ್ತು ಸ್ವಂತ ಗೋದಾಮು ಇದೆ. ನಡುವೆ ಯಾರೂ ಕೈಹಿಡಿದು ಮೇಲೆತ್ತಲಿಲ್ಲ. ನಾನೂ ಯಾರ ಬಾಯಿಮಾತಿನ ಮೇಲೆ ಮಾಲು ಕೊಳ್ಳಲಿಲ್ಲ.

ಹಾಗಾಗಿ ಮಸ್ಕಿಯಿಂದ ನನ್ನ ಮಗಳಿಗೆ ಸಂಬಂಧ ಬಂದಾಗ, ತಂದವನು "ಹುಡುಗ ಬಂಗಾರ" ಅಂದ ಕೂಡಲೇ ನನಗೆ ಸಂಶಯ ಬಂತು.

ತಂದವನು ನನ್ನ ಹೆಂಡತಿಗೆ ದೂರದಿಂದ ಅಣ್ಣ ಆಗಬೇಕು. ಅವನ ಬಾಯಲ್ಲಿ ಎಲ್ಲರೂ ಬಂಗಾರವೇ. ಹಿಂದೆ ಬಂಗಾರ ಅಂತ ಅವನು ತೋರಿಸಿದ ಒಬ್ಬ ವರ ಕುಡಿದು ಹಂದಿಗೂಡಿನ ಪಕ್ಕ ಮಲಗಿದ್ದನ್ನು ನಾನೇ ಕಂಡಿದ್ದೆ. ಈ ಹುಡುಗನಿಗೆ ಮಸ್ಕಿ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿ. ತಾಯಿ ಇದ್ದಾಳೆ, ತಂದೆ ಇಲ್ಲ. ನಮ್ಮ ಪಂಗಡದವರೇ. ಮಗಳಿಗೆ ಫೋಟೋ ತೋರಿಸಿದರು. ಅದಕ್ಕಿಂತ ಮುಂಚೆ ತೋರಿಸಿದ ಫೋಟೋಗಳನ್ನೆಲ್ಲ ಆಕೆ ಹೋಟೆಲಿನ ಬಿಲ್ ನೋಡಿದಂತೆ ನೋಡಿ ಆಚೆ ಇಟ್ಟಿದ್ದಳು. ಇದನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಳು. "ನೋಡೋಣು" ಅಂದಳು. ನಮ್ಮ ಮನೆಯಲ್ಲಿ ಆಕೆಯ "ನೋಡೋಣು" ಅಂದರೆ ದೊಡ್ಡ ಮಾತು. ಹೆಂಡತಿ ಅವತ್ತೇ ಹೋಳಿಗೆಗೆ ಬೇಳೆ ನೆನೆಹಾಕುವವಳಂತೆ ಓಡಾಡಿದಳು.

ಇನ್ನು ಹೂಂ ಅನ್ನುವುದೋ ಉಹೂಂ ಅನ್ನುವುದೋ ನನ್ನ ಪಾಲಿಗೆ ಬಿತ್ತು.

ನಮ್ಮ ಕಡೆ ಹೆಣ್ಣು ಕೊಡುವ ಮೊದಲು ವಿಚಾರ ತೆಗೆಯುವ ಪದ್ಧತಿ ಇದೆ. ವರನ ಊರಿಗೆ ಸುಮ್ಮನೆ ಹೋಗಿ ಚಹಾ ಅಂಗಡಿಯಲ್ಲಿ ಕೇಳಬೇಕು, ಕ್ಷೌರದ ಅಂಗಡಿಯಲ್ಲಿ ಕೇಳಬೇಕು, ಎದುರು ಮನೆಯವರನ್ನು ಕೇಳಬೇಕು. ಹಿಂದೆ ಇದು ನಡೆಯುತ್ತಿತ್ತು. ಈಗ ಚಹಾದವನು ಹುಡುಗನ ಗೆಳೆಯ, ಕ್ಷೌರದವನು ಅವನ ಗಿರಾಕಿ, ಎದುರು ಮನೆಯವರಿಗೆ ನಾಳೆ ಅವನಿಂದಲೇ ಟಿವಿ ರಿಪೇರಿ ಆಗಬೇಕು. ಯಾರು ಖರೇ ಹೇಳುತ್ತಾರೆ? ಅದಕ್ಕೆ ನಾನು ಬೇರೆ ದಾರಿ ಹಿಡಿದೆ. ಮನುಷ್ಯನ ವಿಚಾರ ತೆಗೆಯಬೇಕಾದರೆ ಅವನಿಗೆ ಒಂದು ಕೆಲಸ ಕೊಡಬೇಕು, ಅದರಲ್ಲೂ ನಮಗೆ ಗೊತ್ತಿಲ್ಲದ ಕೆಲಸ. ಗಿರಾಕಿಗೆ ಗೊತ್ತಿಲ್ಲ ಅಂತ ಗೊತ್ತಾದ ಮೇಲೆ ವ್ಯಾಪಾರಿ ಏನು ಮಾಡುತ್ತಾನೋ ಅದೇ ಅವನ ಜಾತಕ.

ಕೆಲಸ ತಯಾರೇ ಇತ್ತು. ಮಗಳು ಲಿಂಗಸುಗೂರಿನಲ್ಲಿ ಬೀಜದ ಕಂಪನಿಯೊಂದರ ಆಫೀಸಿನಲ್ಲಿ ಲೆಕ್ಕ ನೋಡುತ್ತಾಳೆ. ವಾರವೆಲ್ಲ ಅಲ್ಲಿ ನನ್ನ ನಾದಿನಿಯ ಮನೆಯಲ್ಲಿ ಇರುತ್ತಾಳೆ, ಶನಿವಾರ ಸಂಜೆ ಬಸ್ಸಿಗೆ ಸಿಂಧನೂರಿಗೆ ಬರುತ್ತಾಳೆ, ಸೋಮವಾರ ಬೆಳಿಗ್ಗೆ ವಾಪಸ್. ಕೆಲಸ ಮುಗಿದ ಮೇಲೆ ಆಕೆಗೆ ಒಂದು ಹುಚ್ಚು: ಕಂಪ್ಯೂಟರಿನಲ್ಲಿ ಗೇಮ್. ಲಿಂಗಸುಗೂರಿನ ಕೋಣೆಯಲ್ಲಿ ಕೂತು, ಯಾವ ಯಾವುದೋ ಊರಿನ ಮಂದಿಯ ಜೊತೆ ಗುಂಪು ಕಟ್ಟಿಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿ, "ಹಿಂದಿನಿಂದ ಬರಾಕತ್ತಾನ, ಹಿಂದಿನಿಂದ!" ಅಂತ ಚೀರುತ್ತಾಳೆ. ನಾದಿನಿ ಮೊದಲ ಸಲ ಕೇಳಿದಾಗ ಕಳ್ಳ ಬಂದ ಅಂತ ಒನಕೆ ಹಿಡಿದುಕೊಂಡು ಓಡಿಬಂದಿದ್ದಳಂತೆ. ಹಳೆ ಲ್ಯಾಪ್‌ಟಾಪು ಕಾದು ಹಂಚಾಗುತ್ತಿತ್ತು. "ಇದರ ಮ್ಯಾಲ ರೊಟ್ಟಿ ಸುಡಬೌದಲ್ಲೇ" ಅಂತ ನಮ್ಮವ್ವ ಅನ್ನುತ್ತಿದ್ದಳು. ಮಗಳಿಗೆ ಬೇಕಾಗಿದ್ದು ದೊಡ್ಡ ಮಿಷನ್ನಿನ ಶಕ್ತಿ ಇರುವ, ಬಸ್ಸಿನಲ್ಲಿ ಒಯ್ಯುವಂಥ ಸಣ್ಣ ಮಿಷನ್. "ಲ್ಯಾಪ್‌ಟಾಪಿನಾಗ ಒಂದು ಕೆಟ್ರ ಎಲ್ಲಾ ಹೋತು ಅಪ್ಪಾ. ಇದ್ರಾಗ ಕೆಟ್ಟದ್ದಷ್ಟ ಬದ್ಲಿ ಮಾಡಬೌದು" ಅಂದಳು. ಆ ಮಾತು ನನಗೆ ಹಿಡಿಸಿತು. ಬಿಡಿಭಾಗ ಸಿಗುವ ಮಾಲಿಗೇ ಬೆಲೆ ಕೊಡಬೇಕು.

ಗೇಮಿನ ಹುಚ್ಚಿನ ವಿಷಯ ಮಸ್ಕಿಯವರಿಗೆ ನಾವು ಹೇಳಿರಲಿಲ್ಲ. ಅವರು ಅಡಿಗೆ ಬರುತ್ತದೋ ಕೇಳಿದರು, ಬರುತ್ತದೆ ಅಂದೆವು. ಗೇಮ್ ಆಡುತ್ತಾಳೋ ಅಂತ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಒಂದು ದಿನ ನಾನೊಬ್ಬನೇ ಮಸ್ಕಿಗೆ ಹೋದೆ. ಸಣ್ಣ ಅಂಗಡಿ. ಗೋಡೆಗೆ ವೈರುಗಳನ್ನು ಮೆಣಸಿನಕಾಯಿ ಸರದಂತೆ ತೂಗುಹಾಕಿದ್ದ. ಮೇಜಿನ ಮೇಲೆ ಬಿಚ್ಚಿಟ್ಟ ಒಂದು ಪ್ರಿಂಟರು. ಹುಡುಗ ಎದ್ದು ನಿಂತ. ಅಷ್ಟು ಬೇಗ ಎದ್ದು ನಿಲ್ಲುವ ಅಂಗಡಿಯವನನ್ನು ನಾನು ನಂಬುವುದಿಲ್ಲ, ಆದರೂ ಕೂತೆ.

"ನಾ ಸಿಂಧನೂರಿನವ. ಮನ್ಯಾಗ ಹುಡುಗರಿಗೆ ಗೇಮ್ ಆಡಾಕ ಒಂದು ಕಂಪ್ಯೂಟರ್ ಬೇಕಿತ್ತು. ಸಣ್ಣದು."

"ಎಷ್ಟು ಸಣ್ಣದ್ರಿ?"

"ಬಸ್ಸಿನಾಗ ತೊಡಿ ಮ್ಯಾಲ ಇಟ್ಕೊಂಡು ಹೋಗೋ ಅಷ್ಟು."

ಅವನು ನನ್ನ ತೊಡೆ ನೋಡಿದ. "ಸಣ್ಣದು ಮಾಡೋದು ಕಷ್ಟಲ್ರಿ ಸಾವ್ಕಾರ್ರೆ. ತಣ್ಣಗ ಇಡೋದು ಕಷ್ಟ."

ಕಷ್ಟ ಅನ್ನುವುದು ಬೆಲೆ ಏರಿಸುವ ಮೊದಲ ಮೆಟ್ಟಿಲು. ಅವನು ಎರಡು ಗ್ರಾಫಿಕ್ಸ್ ಕಾರ್ಡ್ ತೆಗೆದಿಟ್ಟ. ಆಟದ ಚಿತ್ರಗಳನ್ನೆಲ್ಲ ಎಳೆಯುವ ಎತ್ತು ಅದೇ. ಅದರದ್ದೇ ಹೆಚ್ಚು ಬೆಲೆ, ಅದರದ್ದೇ ಹೆಚ್ಚು ಬಿಸಿ. ಒಂದು ಹೊಸದು, ಇನ್ನೊಂದು ಬಳಸಿದ್ದು. ನಾನು ಬಳಸಿದ್ದರ ಮೇಲೆ ಕೈ ಇಟ್ಟೆ.

"ಅದು ಬ್ಯಾಡ್ರಿ" ಅಂದ. "ಮೊದಲಿನೋರು ಹಗಲೂ ರಾತ್ರಿ ಓಡಿಸ್ಯಾರ. ದುಡುದು ದಣದದ."

"ಮತ್ತ ಯಾಕ ಇಟ್ಟಿ?"

"ಗೊತ್ತಿದ್ದೋರು ಗೊತ್ತಿದ್ದು ತಗೊಂತಾರ್ರಿ."

ನಾನು ಬೆಳಕಿಗೆ ಹಿಡಿದು ನೋಡಿದೆ. ನೀವೂ ಹಳೆ ಕಾರ್ಡ್ ಕೊಳ್ಳುವುದಾದರೆ ಮೊದಲು ಸ್ಕ್ರೂ ನೋಡಿ: ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ, ಯಾಕೆ ಬಿಚ್ಚಿದರು ಅಂತ ಕೇಳಿ. ಆಮೇಲೆ ಮೂಸಿ ನೋಡಿ. ಸುಟ್ಟ ವಾಸನೆ ಎಷ್ಟು ಒರೆಸಿದರೂ ಹೋಗುವುದಿಲ್ಲ. ಇದರಲ್ಲಿ ಸ್ಕ್ರೂ ಸವೆದಿತ್ತು. ಅವನು ಹೇಳಿದ್ದು ಖರೇ ಇತ್ತು. ಆದರೆ ಖರೇ ಹೇಳಿ ಹೊಸದನ್ನು ಮಾರುವುದೂ ಒಂದು ವಿದ್ಯೆ. ಹೊಸದಕ್ಕೆ ಅವನು ಹೇಳಿದ ಬೆಲೆಗೆ ನಾನು ನಕ್ಕೆ, ಎದ್ದೆ, ಬಾಗಿಲ ತನಕ ಹೋದೆ. ಅವನು ಕರೆಯಲಿಲ್ಲ. ನಾನೇ ಚಪ್ಪಲಿ ಸರಿಮಾಡಿಕೊಳ್ಳುವ ನೆವ ಮಾಡಿ ವಾಪಸ್ ಬಂದೆ. ಆಗ ಒಂದಿಷ್ಟು ಇಳಿಸಿದ. ಕೇಳದೆ ಇದ್ದಾಗ ಇಳಿಸಿದನೆಂದರೆ ಇನ್ನೂ ಇಳಿಯುವ ಜಾಗ ಇತ್ತು ಅಂತಲೇ ಅರ್ಥ. ಅದು ನನ್ನ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು.

"ನನ್ನ ಎದುರಿಗೇ ಕೂಡಿಸ್ಬೇಕು" ಅಂದೆ.

"ಕೂಡ್ರಿ" ಅಂದ, ಕುರ್ಚಿ ಎಳೆದು ಕೊಟ್ಟ.

ಅವನು ಕೂಡಿಸಿದ್ದನ್ನು ಈಗಲೂ ನಾನು ಕಣ್ಣುಮುಚ್ಚಿ ಹೇಳಬಲ್ಲೆ. ಪೆಟ್ಟಿಗೆ ಹಾರ್ಮೋನಿಯಂನ ಅರ್ಧದಷ್ಟು. ನಡುವೆ ಒಂದು ತಗಡಿನ ಗೋಡೆ. ಗೋಡೆಯ ಈಚೆಗೆ ಅಂಗೈಯಗಲದ ಮದರ್‌ಬೋರ್ಡು, ಆಚೆಗೆ ಗ್ರಾಫಿಕ್ಸ್ ಕಾರ್ಡು, ಎರಡಕ್ಕೂ ಒಂದು ಅಗಲ ಪಟ್ಟಿಯಂಥ ವೈರು. ಗಂಡ ಹೆಂಡತಿ ಬೆನ್ನಿಗೆ ಬೆನ್ನು ಮಾಡಿ ಮಲಗಿದ ಹಾಗೆ. ಪ್ರೊಸೆಸರಿನ ಮೇಲೆ ಬಿಸಿ ದಾಟಿಸುವ ಪೇಸ್ಟ್ ಹಾಕಿದ, ಬಟಾಣಿ ಕಾಳಿನಷ್ಟು.

"ಇಷ್ಟ ಏನು? ಉಳಸಾಕತ್ತಿಯೇನು?"

"ಬೇರಿಂಗಿಗೆ ಗ್ರೀಸ್ ತುರುಕಿದಂಗಲ್ರಿ. ನಡುವಿನ ಸಂದು ಮುಚ್ಚಿದ್ರ ಸಾಕು."

ಅದರ ಮೇಲೆ ತೆಳ್ಳನೆಯ ಹಲ್ಲುಗಳಿರುವ ಅಲ್ಯುಮಿನಿಯಂ ಗಡ್ಡೆ, ಅದರ ಮೇಲೆ ಫ್ಯಾನು. ಬಾಚಣಿಕೆಯನ್ನು ಒತ್ತೊತ್ತಾಗಿ ಜೋಡಿಸಿದಂತೆ ಇದ್ದವು ಹಲ್ಲುಗಳು. ಬಿಸಿ ಆ ಹಲ್ಲುಗಳಿಗೆ ಏರುತ್ತದೆ, ಗಾಳಿ ನಡುವೆ ಹಾದು ಬಿಸಿಯನ್ನು ಹೊತ್ತೊಯ್ಯುತ್ತದೆ. ಪೆಟ್ಟಿಗೆಯ ಮೈಯೆಲ್ಲ ಜಾಲರಿ: ಎರಡು ಪಕ್ಕದಿಂದ ತಂಪು ಒಳಕ್ಕೆ, ತಲೆಯಿಂದ ಬಿಸಿ ಹೊರಕ್ಕೆ. ಭತ್ತ ಒಣಗಿಸುವ ಡ್ರೈಯರ್ ನೋಡಿದವನಿಗೆ ಇದರಲ್ಲಿ ಹೊಸದೇನಿಲ್ಲ. ಗಾಳಿಗೆ ದಾರಿ ಬಿಟ್ಟರೆ ಕೆಲಸ ಮಾಡುತ್ತದೆ, ದಾರಿ ಕಟ್ಟಿದರೆ ಸುಡುತ್ತದೆ.

ಅವನು ಒಂದು ಭಾರದ ಗೇಮ್ ಹಚ್ಚಿ ಓಡಿಸಿ, ಸ್ಕ್ರೀನಿನ ಮೇಲೆ ಬಿಸಿಯ ಅಂಕಿ ತೋರಿಸಿದ. ಅಂಕಿಯನ್ನು ಅವನೇ ತೋರಿಸುತ್ತಿದ್ದನಲ್ಲ, ಅದನ್ನೇನು ನಂಬುವುದು? ನಾನು ತಲೆಯ ಜಾಲರಿಯ ಮೇಲೆ ಅಂಗೈ ಹಿಡಿದೆ. ಕೂಸಿಗೆ ಹಾಲು ಕುಡಿಸುವಷ್ಟು ಬೆಚ್ಚಗಿತ್ತು, ಅಷ್ಟೇ.

"ಜಾಲರಿಗೆ ಏನೂ ಅಡ್ಡ ಬರಬಾರ್ದು ನೋಡ್ರಿ" ಅಂದ. "ಹಾಸಿಗಿ ಮ್ಯಾಲ ಇಡಬ್ಯಾಡ್ರಿ. ಏನಾದ್ರೂ ಆದ್ರ ತಗೊಂಡು ಬರ್ರಿ."

ಏನಾದರೂ ಆಗುತ್ತದೆ ಅಂತ ಇವನಿಗೆ ಈಗಲೇ ಗೊತ್ತಿದೆಯೇ ಅಂದುಕೊಳ್ಳುತ್ತ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ.

ಮಗಳು ಕುಣಿದಾಡಿದಳು. ಎಲ್ಲಿಂದ ತಂದೆ ಅಂತ ನಾನು ಹೇಳಲಿಲ್ಲ. "ನಿಂಗ್ಯಾಕ? ಪೇಟ್ಯಾಗಿಂದ" ಅಂದೆ.

ನಮ್ಮ ಮನೆಯಲ್ಲಿ ಹೊಸದಾಗಿ ಬಂದ ಯಾವ ವಸ್ತುವೂ ನಮ್ಮವ್ವನ ಕೈ ದಾಟದೆ ಒಳಗೆ ಹೋಗುವುದಿಲ್ಲ. ಫ್ರಿಜ್ಜು, ಮಿಕ್ಸರು, ನನ್ನ ಮೋಟಾರ್‌ಬೈಕು, ಗೋದಾಮಿನ ಹೊಲಿಗೆ ಮಿಷನ್ನು, ಎಲ್ಲದರ ಹಣೆಗೂ ವಿಭೂತಿಯ ಮೂರು ಗೆರೆ ಇದೆ. ಸೋಮವಾರ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಒದ್ದೆ ಬೆರಳಲ್ಲಿ ವಿಭೂತಿ ತೇಯ್ದು ಮನೆಯೆಲ್ಲ ತಿರುಗುತ್ತಾಳೆ, ಹಿಂದೆಯೇ ಲೋಬಾನದ ಹೊಗೆ. ಈ ಪೆಟ್ಟಿಗೆಗೂ ಆಯಿತು. ಬಿಟ್ಟು ಬಂದರೆ ಯಾರಾದರೂ ಕೈ ಹಚ್ಚುತ್ತಾರೆ ಅಂತ ಮಗಳು ಶನಿವಾರ ಪೆಟ್ಟಿಗೆ ಹೊತ್ತು ತರುತ್ತಿದ್ದಳು; ಸ್ಕ್ರೀನು ಲಿಂಗಸುಗೂರಿನಲ್ಲೇ ಉಳಿಯುತ್ತಿದ್ದುದರಿಂದ ಇಲ್ಲಿ ಆಟ ಇಲ್ಲ. ವಾರವಾರ ಊರಿಗೆ ಹೋಗಿ ಬರುವ ವಸ್ತು ಅಂತ ಇದಕ್ಕೆ ಒಂದಿಷ್ಟು ಜಾಸ್ತಿಯೇ. ಸೋಮವಾರ ಬೆಳಿಗ್ಗೆ ಮಗಳು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಪೆಟ್ಟಿಗೆಗೆ ಪೂಜೆ ಆಗಿರುತ್ತಿತ್ತು. ನಾವ್ಯಾರೂ ಅದನ್ನು ನೋಡುವುದೂ ಇಲ್ಲ. ನಮ್ಮ ಮನೆಯಲ್ಲಿ ಅದು ಗೋಡೆಗೆ ಸುಣ್ಣ ಇದ್ದ ಹಾಗೆ.

ಕೆಲವು ತಿಂಗಳು ಎಲ್ಲ ಸರಿ ಇತ್ತು. ನನಗೇ ಬೇಜಾರಾಗುವಷ್ಟು ಸರಿ ಇತ್ತು. ಮಸ್ಕಿಯವರು ಉತ್ತರಕ್ಕೆ ಕಾಯುತ್ತಿದ್ದರು, ಹೆಂಡತಿಯ ಅಣ್ಣ ಫೋನ್ ಮೇಲೆ ಫೋನ್ ಮಾಡುತ್ತಿದ್ದ. "ಇನ್ನೂ ಸ್ವಲ್ಪ ತಡಿ" ಅನ್ನುತ್ತಿದ್ದೆ. ಆಮೇಲೆ ಒಂದು ಸಂಜೆ ಲಿಂಗಸುಗೂರಿನಿಂದ ಮಗಳ ಫೋನು.

"ಅಪ್ಪಾ, ಮಿಷನ್ ಗಿರಣಿ ಹಂಗ ಒದರಾಕತ್ತದ. ಆಟದ ನಡುವ ತಾನಾ ಆರಿಹೋಗ್ತದ."

ಬಂತಲ್ಲ, ಅಂದುಕೊಂಡೆ.

ಪೆಟ್ಟಿಗೆ ಮನೆಗೆ ಬಂದ ಮೇಲೆ ಮಸ್ಕಿಗೆ ಒಯ್ದೆ. ಹುಡುಗ ಒಂದು ಪಕ್ಕ ಬಿಚ್ಚಿದ. ಬಿಚ್ಚಿದವನು ಒಮ್ಮೆ ನನ್ನ ಮುಖ ನೋಡಿದ, ಪೆಟ್ಟಿಗೆ ಎತ್ತಿಕೊಂಡು ಅಂಗಡಿಯ ಹಿಂಭಾಗದ ಬಟ್ಟೆ ಪರದೆಯ ಹಿಂದೆ ಹೋದ. ಕೂಡಿಸುವಾಗ ಎದುರಿಗೇ ಕೂತು ಕೂಡಿಸಿದವನು ಬಿಚ್ಚುವಾಗ ಪರದೆಯ ಹಿಂದೆ ಯಾಕೆ ಹೋಗಬೇಕು? ಒಳಗಿನಿಂದ ಬ್ರಶ್ಶಿನ ಸದ್ದು, ಊದುವ ಮಿಷನ್ನಿನ ಸದ್ದು. ಬಹಳ ಹೊತ್ತಾದ ಮೇಲೆ ಬಂದ.

"ಸ್ವಚ್ಛ ಮಾಡೀನ್ರಿ."

"ಏನಾಗಿತ್ತು?"

"ಧೂಳ್ರಿ."

"ಎಂಥಾ ಧೂಳು?"

"ಸಣ್ಣ ಧೂಳ್ರಿ."

ಮಾತಾಡುವಾಗ ಕಣ್ಣು ಪ್ರಿಂಟರಿನ ಮೇಲಿತ್ತು. ನಾನು ಜೇಬಿಗೆ ಕೈ ಹಾಕಿದೆ. "ಬ್ಯಾಡ್ರಿ, ಬ್ಯಾಡ್ರಿ" ಅಂದ. ಇಲ್ಲಿ ನಿಮಗೆ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಹೆಚ್ಚು ಕೇಳುವವನನ್ನು ಒಮ್ಮೆ ನೋಡಿದರೆ ಸಾಕು. ಬ್ಯಾಡ ಅನ್ನುವವನನ್ನು ಎರಡು ಸಲ ನೋಡಬೇಕು. ಕೆಲಸ ಮಾಡಿ ರೊಕ್ಕ ಬ್ಯಾಡ ಅನ್ನುವವನು ಒಂದೋ ಸಂತ, ಇಲ್ಲವೇ ತನ್ನ ತಪ್ಪು ಮುಚ್ಚುತ್ತಿದ್ದಾನೆ. ಮಸ್ಕಿ ಬಸ್‌ಸ್ಟ್ಯಾಂಡಿನ ಹತ್ತಿರ ಸಂತರು ಅಂಗಡಿ ಇಟ್ಟದ್ದು ನಾನು ಕೇಳಿಲ್ಲ.

ಹೊರಡುವಾಗ ಅವನು ಒಂದು ವಿಚಿತ್ರ ಪ್ರಶ್ನೆ ಕೇಳಿದ. "ಮನ್ಯಾಗ ಹಿರೇರು ಅದಾರೇನ್ರಿ?"

"ನಮ್ಮವ್ವ ಅದಾಳ. ಯಾಕ?"

"ಸುಮ್ಮನ ಕೇಳ್ದೆ."

ದಾರಿಯುದ್ದಕ್ಕೂ ಅದೇ ತಲೆಯಲ್ಲಿ ಕೊರೆಯಿತು. ಮಿಷನ್ ಕೆಟ್ಟರೆ ಮನೆಯ ಹಿರಿಯರ ಗೊಡವೆ ಇವನಿಗೆ ಯಾಕೆ? ಮುದುಕಿ ಇದ್ದರೆ ಹಳೆ ಬಂಗಾರ ಇರುತ್ತದೆ ಅಂತ ಲೆಕ್ಕವೇ? ನಾನು ಯಾರೆಂದು ಇವನಿಗೆ ಗೊತ್ತಾಗಿದೆಯೇ?

ಮಳೆಗಾಲ ಶುರುವಾಗುವ ಹೊತ್ತಿಗೆ ಪೆಟ್ಟಿಗೆ ಮತ್ತೆ ಒದರಿತು. ಈ ಸಲ ನಾನು ತಯಾರಾಗಿ ಹೋದೆ. ಮಾಲು ಬೇರೆಯವರ ಕೈಗೆ ಬಿಟ್ಟು ಬರುವಾಗ ಗುರುತು ಮಾಡಿ ಬಿಡಬೇಕು. ನಮ್ಮ ಚೀಲದ ಮೂಲೆಗೆ ನಾನು ಕೆಂಪು ದಾರ ಹಾಕುತ್ತೇನೆ. ಇಲ್ಲಿ ಹೆಂಡತಿಯ ಉಗುರುಬಣ್ಣ ತೆಗೆದುಕೊಂಡು ಹೋಗಿ ಗ್ರಾಫಿಕ್ಸ್ ಕಾರ್ಡಿನ ಅಂಚಿಗೆ, ಜಾಲರಿಯ ಸಂದಿನಿಂದ, ಕಾಣದಂತೆ ಒಂದು ಚುಕ್ಕೆ ಇಟ್ಟೆ. ಹೊಸ ಕಾರ್ಡು ತೆಗೆದು ಆ ದಣಿದ ಕಾರ್ಡು ಹಾಕಿದರೆ ಗೊತ್ತಾಗಬೇಕಲ್ಲ.

ಹುಡುಗ ಬಿಚ್ಚಿ ನೋಡಿದ. ನಿಟ್ಟುಸಿರು ಬಿಟ್ಟ. "ಬಿಟ್ಟು ಹೋಗ್ರಿ, ನಾಳಿಗೆ ಕೊಡ್ತೀನಿ" ಅಂದ.

ಮರುದಿನ ಹೋದರೆ ಪೆಟ್ಟಿಗೆಯ ರೂಪ ಬದಲಾಗಿತ್ತು. ಒಂದು ಪಕ್ಕದ ಮುಂದಿನ ಅಂಚಿಗೆ, ಜಾಲರಿಯ ಮೇಲೆ, ಕೈಬೆರಳು ನಾಲ್ಕು ಕೂಡಿಸಿದಷ್ಟು ಅಗಲದ ಹಿತ್ತಾಳೆ ತಗಡು. ಅಂಚು ಉಜ್ಜಿ ನುಣ್ಣಗೆ ಮಾಡಿ, ಸಣ್ಣ ಸ್ಕ್ರೂ ಹಾಕಿ ಕೂಡಿಸಿದ್ದ.

"ಇದೇನು?"

"ಸುಮ್ಮನ್ರಿ. ಗಟ್ಟಿ ಇರ್ಲಿ ಅಂತ."

"ಗಾಳಿಗೆ ಅಡ್ಡ ಬರಬಾರ್ದು ಅಂದೋನು ನೀನ ಅಲ್ಲೇನು?"

"ಅಲ್ಲಿ ಗಾಳಿ ದಾರಿ ಇಲ್ರಿ. ಹಿಂದ ಬರೇ ವೈರದಾವ."

"ರೊಕ್ಕ?"

"ಬ್ಯಾಡ್ರಿ."

ಮತ್ತೆ ಬ್ಯಾಡ! ಉಗುರುಬಣ್ಣದ ಚುಕ್ಕೆ ಇದ್ದಲ್ಲೇ ಇತ್ತು. ಅದರಿಂದ ನನಗೆ ಸಮಾಧಾನ ಆಗಲಿಲ್ಲ. ಚೀಲದ ಮೇಲೆ ಹೊರಗಿನಿಂದ ಹೊಸ ತೇಪೆ ಕಂಡರೆ ನಾನು ಕೇಳುವುದು ಒಂದೇ ಮಾತು: ಒಳಗೆ ಏನು ಹರಿದಿದೆ? ಜಾಲರಿ ಮುರಿದಿರಬೇಕು. ಇಲ್ಲವೇ ಸುಟ್ಟ ಗುರುತು ಇರಬೇಕು.

ಸೋಮವಾರ ಮಗಳು ತಗಡಿನ ಸಮೇತ ಪೆಟ್ಟಿಗೆ ಒಯ್ದಳು. ಆ ಶನಿವಾರ ಹೆಂಡತಿಯ ಅಣ್ಣನಿಗೆ ಫೋನ್ ಮಾಡಿ, "ಮಸ್ಕಿಯದು ಬ್ಯಾಡ" ಅಂದೆ. ಯಾಕೆ ಅಂದ. "ಹುಡುಗ ಮುಚ್ಚಿಡೋ ಜಾತಿಯವ" ಅಂದೆ. ಹೆಂಡತಿ ಅಡಿಗೆಮನೆಯಲ್ಲಿ ಪಾತ್ರೆಗಳನ್ನು ಮಾತಾಡಿಸತೊಡಗಿದಳು.

ಮಗಳು ಸಂಜೆ ಬಂದಳು. ಬ್ಯಾಗು ಇಳಿಸುವ ಮೊದಲೇ ಆಕೆಗೆ ಸುದ್ದಿ ಮುಟ್ಟಿತ್ತು. ನನ್ನ ಎದುರಿಗೆ ಬಂದು ನಿಂತಳು.

"ಯಾಕ ಬ್ಯಾಡ ಅಂದಿ?"

ಎಲ್ಲ ಹೇಳಿದೆ. ಮಸ್ಕಿ ಅಂಗಡಿ, ಪರದೆ, ಸಣ್ಣ ಧೂಳು, ತಗಡು. ಹೇಳುತ್ತ ಹೋದಂತೆ ಆಕೆಯ ಹುಬ್ಬು ಮೇಲೇರುತ್ತ ಹೋಯಿತು.

"ಅಂದ್ರ ಈ ಮಿಷನ್ ಅವ್ರು ಕೂಡಿಸಿದ್ದಾ? ನನ್ನ ಮಿಷನ್ ಇಟ್ಕೊಂಡು ಅವ್ರ ಪರೀಕ್ಷಾ ಮಾಡ್ದೆ?"

"ಮತ್ತ? ನಿನ್ನನ್ನ ಇಟ್ಕೊಂಡು ಮಾಡ್ಲೇನು?"

"ತಗಡಿನ ಹಿಂದ ಏನದ, ನೋಡಿಯೇನು?"

"ನೋಡೋದೇನು, ಗೊತ್ತಾಗ್ತದ."

"ಹೊಳ್ಳಿಸಿ ನೋಡ್ದ ಮಾಲು ವಾಪಸ್ ಕಳಸ್ತಿ ಹೌದಿಲ್ಲೋ? ಯಾವ ಊರ ಚೀಲದ ಸಾವ್ಕಾರ ನೀ?"

ಹೆಂಡತಿ ಅಡಿಗೆಮನೆಯಿಂದ ಜೋರಾಗಿ ನಕ್ಕಳು. ನನಗೆ ಸಿಟ್ಟು ಬಂತು, ಆದರೆ ಸಿಟ್ಟು ಮಾಡುವ ಜಾಗ ಇರಲಿಲ್ಲ. ಮಗಳು ಸ್ಕ್ರೂಡ್ರೈವರ್ ತಂದು ಜಮಖಾನದ ಮೇಲೆ ಕೂತಳು. ತಗಡು ಬಿಚ್ಚಿದಳು. ಹಿಂದೆ ಜಾಲರಿ ನೆಟ್ಟಗಿತ್ತು: ಮುರಿದಿಲ್ಲ, ಸುಟ್ಟಿಲ್ಲ, ಗೀರೂ ಇಲ್ಲ. ಪಕ್ಕದ ಬಾಗಿಲು ತೆಗೆದಳು. ಅಲ್ಯುಮಿನಿಯಂ ಹಲ್ಲುಗಳು ಸ್ವಚ್ಛ ಇದ್ದವು. ಆಕೆ ನನ್ನನ್ನು ನೋಡಿದಳು. ಆ ನೋಟಕ್ಕೆ ಉತ್ತರ ಹುಡುಕುತ್ತ ನಾನು ಪೆಟ್ಟಿಗೆ ನನ್ನ ಕಡೆ ಎಳೆದುಕೊಂಡು, ಚೀಲದ ಹೊಲಿಗೆಗೆ ಕೈ ಹಾಕುವಂತೆ, ಫ್ಯಾನಿನ ಚೌಕಟ್ಟಿನ ಮೂಲೆಗೆ ಉಗುರು ಹಾಕಿದೆ. ಬ್ರಶ್ಶು ಮುಟ್ಟದ ಜಾಗದಲ್ಲಿ ಬೂದಿಬಣ್ಣದ ಏನೋ ಗಟ್ಟಿಯಾಗಿ ಅಂಟಿತ್ತು. ಕೆರೆದು ತೆಗೆದೆ. ಬೆರಳ ನಡುವೆ ತಿಕ್ಕಿದೆ. ನುಣ್ಣಗೆ ಪುಡಿಯಾಯಿತು. ಮೂಗಿಗೆ ಹಿಡಿದೆ.

ಹುಟ್ಟಿದಾಗಿನಿಂದ ಪ್ರತಿ ಮುಂಜಾನೆ ನನ್ನ ಹಣೆಯ ಮೇಲಿರುವ ವಾಸನೆ ಅದು. ಜೊತೆಗೆ ಲೋಬಾನ.

"ಏನದು?" ಅಂದಳು ಮಗಳು.

ನಾನು ಬೆರಳು ಆಕೆಯ ಮೂಗಿಗೆ ಹಿಡಿದೆ. ಅಷ್ಟರಲ್ಲಿ ನಮ್ಮವ್ವ ಕೋಲೂರಿಕೊಂಡು ಬಂದಳು. ಬಿಚ್ಚಿ ಹಾಕಿದ್ದನ್ನು ನೋಡಿ ಗಾಬರಿಯಾದಳು.

"ಆ ಹಿತ್ತಾಳಿ ತಗಡು ಯಾಕ ತಗದ್ರಿ? ಮೊದಲ ಎಲ್ಲಾ ಬರೇ ತೂತು, ಎಲ್ಲಿ ಹಚ್ಚಿದ್ರೂ ಒಳಗ ಇಳೀತಿತ್ತು, ಹಣಿ ಅನ್ನೋದ ಇರ್ಲಿಲ್ಲ ಅದಕ್ಕ. ಹೋದ ಸ್ವಾಮಾರ ನೋಡಿದ್ರ ಯಾರೋ ಪುಣ್ಯಾತ್ಮ ಚಂದಾಗಿ ಹಣಿ ಮಾಡ್ಯಾನ. ಹಾಕ್ರಿ ವಾಪಸ್."

ತಗಡನ್ನು ತಿರುಗಿಸಿ ನೋಡಿದೆ. ಹಿತ್ತಾಳೆಯ ಮೇಲೆ ಒಣಗಿದ ಮೂರು ಗೆರೆ. ಬಸ್ಸಿನಲ್ಲಿ, ಬ್ಯಾಗಿನಲ್ಲಿ ಓಡಾಡಿಯೂ ಅಂಚು ದಾಟಿರಲಿಲ್ಲ.

ತಗಡನ್ನು ಮಗಳ ಕೈಗೆ ಕೊಟ್ಟೆ. ಖುಷಿಯಾಗುತ್ತಾಳೆ ಅಂದುಕೊಂಡಿದ್ದೆ. ಬದಲಿಗೆ ಮುಖ ಗಂಟಾಯಿತು.

"ಇದನ್ನ ಕಂಡೂ ಧೂಳು ಅಂದ್ರಾ?"

"ಹೂಂ."

"ಎರಡನೇ ಸಲನೂ ಮುಚ್ಚಿಟ್ರಾ?"

"ಹೂಂ."

"ಇಷ್ಟು ಸಣ್ಣ ಮಾತು ಮುಚ್ಚಿಟ್ಟೋರು ನಾಳಿ ದೊಡ್ಡದು ಬಂದ್ರ ಎಲ್ಲಿ ಮುಚ್ಚಿಡ್ತಾರ?"

ನನ್ನ ಮಗಳು ಅನ್ನುವುದರಲ್ಲಿ ಅನುಮಾನ ಇಲ್ಲ.

ಸೋಮವಾರ ಬೆಳಿಗ್ಗೆ ಇಬ್ಬರೂ ಲಿಂಗಸುಗೂರಿನ ಬಸ್ಸು ಹತ್ತಿ ಮಸ್ಕಿಯಲ್ಲಿ ಇಳಿದೆವು. ತಗಡು ತನ್ನ ಜಾಗದಲ್ಲಿತ್ತು, ಅದರ ಮೇಲೆ ಹೊಸ ವಿಭೂತಿ ಇನ್ನೂ ಹಸಿ. ಹುಡುಗ ಆಗಷ್ಟೇ ಶಟರ್ ಎತ್ತಿದ್ದ. ನನ್ನ ಹಿಂದೆ ಮಗಳನ್ನು ಕಂಡು ಕಸಬರಿಗೆ ಕೈಯಲ್ಲೇ ಹಿಡಿದು ನಿಂತುಬಿಟ್ಟ.

ಆಕೆ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. "ಇದ್ರಾಗ ಏನ್ ಸಿಕ್ಕಿತ್ತು? ಖರೇ ಹೇಳ್ರಿ."

ಅವನು ನನ್ನ ಕಡೆ ನೋಡಿದ. ನಾನು ಗೋಡೆಯ ವೈರುಗಳನ್ನು ನೋಡಿದೆ.

"ವಿಭೂತಿ" ಅಂದ. "ಹಸಿ ಇದ್ದದ್ದು ಒಣಗಿ ಉದುರ್ತದ, ಫ್ಯಾನ್ ಒಳಗ ಎಳ್ಕೊಂತದ. ಲೋಬಾನದ ಹೊಗಿ ಜಿಡ್ಡು ಹಿಡಸ್ತದ. ಎರಡೂ ಕೂಡಿದ್ರ ಸಿಮೆಂಟು. ಹಲ್ಲಿನ ಸಂದೆಲ್ಲಾ ಕಟ್ಟಿತ್ತು."

"ಮತ್ತ ಧೂಳು ಅಂದ್ರಿ?"

"ವಿಭೂತಿಯಿಂದ ಮಿಷನ್ ಕೆಟ್ಟದ ಅಂತ ಹೆಂಗ ಹೇಳ್ಲಿ? ಇವ್ರು ಮನಿಗೆ ಹೋಗಿ ಹೇಳ್ತಿದ್ರು. ಅಜ್ಜಿ ಕೈ ನಿಲ್ತಿತ್ತು. ನಮ್ಮ ಅಜ್ಜಿನೂ ಹಂಗ ಇದ್ಲು. ಒಮ್ಮೆ ನಮ್ಮ ಕಾಕಾ, ಟಿವಿಗೆ ಹಚ್ಚಬ್ಯಾಡ ಅಂದ. ಆಮ್ಯಾಲ ಆಕಿ ಯಾವುದಕ್ಕೂ ಹಚ್ಚಲಿಲ್ಲ, ನಮ್ಮ ಹಣಿಗೂ." ಕಸಬರಿಗೆ ಮೂಲೆಗೆ ಇಟ್ಟ. "ಮದಿವಿ ಮಾತು ನಡದಿರೋ ಮನ್ಯಾಗ, ಬರೋಕಿಂತ ಮೊದಲ ಮುದುಕಿ ಕೈ ನಿಲ್ಲಿಸಿದೋನು ಅನ್ನಿಸ್ಕೋಬಾರ್ದು ಅಂತ ಇತ್ತು."

ನಾನು ಗೋಡೆ ಬಿಟ್ಟು ಅವನ ಕಡೆ ತಿರುಗಿದೆ. "ಮದಿವಿ ಅಂದ್ರ? ನಾ ಯಾರಂತ ಗೊತ್ತಿತ್ತೇನು ನಿನಗ?"

"ಮೊದಲ ದಿನಾನ ಗೊತ್ತಿತ್ರಿ. ನಿಮ್ಮ ಮೂರು ಮಂದಿ ಫೋಟೋ ನಮ್ಮವ್ವನ ಮೊಬೈಲ್ದಾಗ ಅದ. ಆದ್ರೂ ಹುಡುಗರಿಗೆ ಬೇಕು ಅಂದ್ರಲ್ಲ, ಸುಮ್ಮನಾದೆ."

ನನ್ನ ಪರೀಕ್ಷೆ ಅಲ್ಲಿಗೆ ನೀರಿನಲ್ಲಿ ಹೋಯಿತು. ಗೊತ್ತಿಲ್ಲದ ಗಿರಾಕಿಗೆ ಏನು ಮಾಡುತ್ತಾನೆ ಅಂತ ನೋಡಲು ಹೋದರೆ, ಅವನಿಗೆ ಎಲ್ಲ ಗೊತ್ತೇ ಇತ್ತು! ಹೆಣ್ಣಿನ ಅಪ್ಪನ ಎದುರು ಯಾರು ತಾನೆ ನೆಟ್ಟಗಿರುವುದಿಲ್ಲ?

"ಗೊತ್ತಿದ್ದು ನೆಟ್ಟಗ ನಡ್ಕೊಂಡಿ ಅಂದ್ರ ಅದಕ್ಕೇನು ಕಿಮ್ಮತ್ತು?" ಅಂದೆ.

"ಕಿಮ್ಮತ್ತಿಲ್ರಿ" ಅಂದ. ಅಷ್ಟೇ ಅಂದ.

ಆದರೆ ನಾನು ಆ ಮಾತು ಆಡುತ್ತಿರುವಾಗಲೇ ಒಳಗೆ ಬೇರೆ ಲೆಕ್ಕ ನಡೆದಿತ್ತು. ಒಳ್ಳೆಯವನು ಅನ್ನಿಸಿಕೊಳ್ಳಬೇಕಾಗಿದ್ದರೆ ತಪ್ಪು ನಿಮ್ಮ ಮನೆಯದು, ನನ್ನ ಕೆಲಸದ್ದಲ್ಲ ಅಂತ ಮೊದಲ ಸಲವೇ ತೋರಿಸಿ ಮುಗಿಸಬಹುದಿತ್ತು. ನಾನು ಅವನ ಕೆಲಸವನ್ನೇ ಸಂಶಯದಿಂದ ನೋಡುತ್ತಿದ್ದುದು ಅವನಿಗೆ ಗೊತ್ತಾಗದೆ ಇರಲಿಲ್ಲ. ಅಂಗಡಿಯವನು ತನ್ನ ಕೆಲಸದ ಹೆಸರು ಕೆಡಿಸಿಕೊಂಡು ಸುಮ್ಮನಿರುವುದು, ನಾನು ಕಂಡ ಮಟ್ಟಿಗೆ, ನಾಟಕಕ್ಕೆ ಆಗುವ ಮಾತಲ್ಲ. ಅದೂ ತಾನು ಮುಖ ಕೂಡ ನೋಡದ ಮುದುಕಿಯ ಸಲುವಾಗಿ.

ಮಗಳಿಗೆ ಈ ಲೆಕ್ಕ ಬೇಕಿರಲಿಲ್ಲ. ಆಕೆಯದು ಬೇರೆ ಇತ್ತು.

"ಮಿಷನ್ ಯಾರದು ಅಂತನೂ ಗೊತ್ತಿತ್ತಾ?"

"ಎರಡನೇ ಸಲ ಬಂದಾಗ ಗೊತ್ತಾತು. ಓಡಿದ ದಿನದ ಲೆಕ್ಕ ಮಿಷನ್ನಿನಾಗ ಇರ್ತದ. ಸೋಮಾರದಿಂದ ಶುಕ್ರವಾರ ಅಷ್ಟ ಓಡ್ಯಾದ, ಶನಿವಾರ ಐತಾರ ಬಂದ್; ನೀವು ವಾರವೆಲ್ಲಾ ಲಿಂಗಸುಗೂರಿನಾಗ ಅಂತ ಗೊತ್ತಿತ್ತು. ಮನ್ಯಾಗಿರೋ ಹುಡುಗರು ಐತಾರನ ಆಡ್ತಾರ ಅಲ್ರಿ?" ಮೊದಲ ಸಲ ಅವನು ನಕ್ಕ. "ಛಲೋ ಆಡ್ತೀರಿ."

ಮುಚ್ಚಿಟ್ಟದ್ದು ನಾವೂ ಮುಚ್ಚಿಟ್ಟಿದ್ದೆವು. ಮಗಳ ಕಿವಿ ಕೆಂಪಾಯಿತು, ಆದರೆ ಬಿಡಲಿಲ್ಲ.

"ಅಜ್ಜಿಗೆ ಹೇಳಬ್ಯಾಡ್ರಿ, ಸರಿ. ಅಪ್ಪಗ ಹೇಳಬ್ಯಾಡ್ರಿ, ಅದೂ ಸರಿ. ನನಗ್ಯಾಕ ಹೇಳ್ಲಿಲ್ಲ?"

"ನಿಮ್ಮ ನಂಬರ್ ಇರ್ಲಿಲ್ರಿ."

ಆಕೆ ನಗು ತಡೆದುಕೊಂಡಳು. ಪೂರಾ ತಡೆಯಲಿಲ್ಲ. "ಇನ್ನ ಮ್ಯಾಲ ಇದ್ರಾಗ ಏನ ಸಿಕ್ರೂ ಮೊದಲ ನನಗ ಹೇಳ್ಬೇಕು. ವಿಭೂತಿ ಸಿಕ್ರೂ, ಇಲಿ ಸಿಕ್ರೂ. ಪರದೆ ಹಿಂದ ಹೋಗಂಗಿಲ್ಲ."

"ಆತು."

"ಈ ಮಿಷನ್ ಅಷ್ಟ ಅಲ್ಲ."

"ಗೊತ್ತಾತ್ರಿ" ಅಂದ ಹುಡುಗ, ಈ ಸಲ ಕಣ್ಣು ಪ್ರಿಂಟರಿನ ಮೇಲೆ ಇರಲಿಲ್ಲ.

ನಂಬರು ಕೊಟ್ಟು ಆಕೆ ಹೊರಗೆ ಬಂದಳು. ಲಿಂಗಸುಗೂರಿನ ಬಸ್ಸು ನಿಂತಿತ್ತು. ಕಿಟಕಿಯ ಸೀಟಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಬಸ್ಸು ಹೊರಡುವಾಗ ಕಂಬಿಗಳ ನಡುವಿನಿಂದ ಮುಖ ತಂದು, "ಅಪ್ಪಾ, ಮಾಮಾಗ ಬ್ಯಾಡ ಅಂದಿದ್ಯಲ್ಲ, ವಾಪಸ್ ತಗೋ" ಅಂದಳು. ಹೂಂ ಅನ್ನುವಷ್ಟರಲ್ಲಿ ಬಸ್ಸು ತಿರುವು ದಾಟಿತು.

ನಾನು ಮತ್ತೆ ಅಂಗಡಿಗೆ ಹೋದೆ. ನನ್ನದೊಂದು ಬಾಕಿ ಉಳಿದಿತ್ತು.

"ತಗಡಿಗೆ ಎಷ್ಟು?" ಅಂದೆ.

ಹುಡುಗ ನನ್ನನ್ನು ನೋಡಿದ. ಬ್ಯಾಡ ಅಂದರೆ ನಾನು ಸಿಂಧನೂರಿನ ತನಕ ಮತ್ತೆ ಯೋಚನೆ ಮಾಡುತ್ತ ಹೋಗಬೇಕಾಗುತ್ತಿತ್ತು. ಅವನು ಬ್ಯಾಡ ಅನ್ನಲಿಲ್ಲ. ತಗಡಿಗೆ ಇಷ್ಟು, ಎರಡು ಸಲ ಸ್ವಚ್ಛ ಮಾಡಿದ್ದಕ್ಕೆ ಇಷ್ಟು ಅಂತ ಬಾಯಿಬಿಟ್ಟು ಹೇಳಿದ.

"ಬಾಳಾತು."

"ಹಿತ್ತಾಳಿ ರೇಟ್ ಏರ್ಯಾದ್ರಿ."

"ಬೀಗರಾಗೋರು ಅಂತ ಇಳಸಂಗಿಲ್ಲೇನು?"

"ಬೀಗರಿಗೆ ಇಳಿಸಿದ್ರ ನಾಳಿ ಊರೆಲ್ಲಾ ಬೀಗರಾಗ್ತಾರ್ರಿ."

ಬಾಗಿಲ ತನಕ ಹೋದೆ, ಚಪ್ಪಲಿ ಸರಿಮಾಡಿಕೊಂಡೆ. ಅವನು ಕರೆಯಲಿಲ್ಲ. ವಾಪಸ್ ಬಂದು ಹೇಳಿದಷ್ಟನ್ನೂ ಕೊಟ್ಟು, ಅಲ್ಲೇ ಅವನ ಎದುರಿಗೆ ನಿಂತು ಹೆಂಡತಿಯ ಅಣ್ಣನಿಗೆ ಫೋನ್ ಹಚ್ಚಿದೆ.